ಪ್ರಳಯದಲ್ಲಿ ಮಗುವಿನ ಕೈ ಹಿಡಿದವರು

2006ರಲ್ಲಿ ಪ್ರಕಟವಾದ ಕಾರ್ಮ್ಯಾಕ್ ಮೆಕಾರ್ಥಿಯ 'ದಿ ರೋಡ್' ಕಾದಂಬರಿಯಲ್ಲಿ ಒಬ್ಬ ಅಪ್ಪ ತನ್ನ ಪುಟ್ಟ ಮಗನಿಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಿರುತ್ತಾನೆ. ಶತ್ರುವನ್ನು ಹೊಡೆಯಲಿ ಎಂದಲ್ಲ. ಲೋಕ ಸುಟ್ಟು ಬೂದಿಯಾಗಿದೆ, ಮನುಷ್ಯರು ಮನುಷ್ಯರನ್ನೇ ತಿನ್ನುವ ಕಾಲ ಬಂದಿದೆ. ಅಂಥವರ ಕೈಗೆ ಸಿಕ್ಕುವ ಹೊತ್ತು ಬಂದರೆ ಹುಡುಗ ತನ್ನ ಜೀವವನ್ನು ತಾನೇ ತೆಗೆದುಕೊಳ್ಳಲಿ ಎಂದು ಈ ಪಾಠ. ಅಪ್ಪ ಕ್ರೂರಿಯಲ್ಲ. ಹಳೆಯ ಯಂತ್ರವೊಂದರಲ್ಲಿ ಸಿಕ್ಕ ಒಂದೇ ಒಂದು ಕೋಕಾಕೋಲಾ ಡಬ್ಬಿಯನ್ನು ಮಗನಿಗೆ ಕೊಟ್ಟು, ಅವನು ಕುಡಿಯುವುದನ್ನು ನೋಡುತ್ತಾ ಕೂರುವವನು. ಮಗ ಹಟ ಮಾಡಿದ ಮೇಲಷ್ಟೇ ತಾನೊಂದು ಗುಟುಕು ಕುಡಿಯುವವನು.

ಇದೇ ಅಪ್ಪ ಕಾದಂಬರಿಯ ಕೊನೆಯಲ್ಲಿ ಸಾಯುತ್ತಾ ಮಲಗಿದ್ದಾಗ, ನನ್ನನ್ನೂ ಕರೆದುಕೊಂಡು ಹೋಗು ಎಂದು ಮಗ ಬೇಡುತ್ತಾನೆ. ಪಿಸ್ತೂಲಿನಲ್ಲಿ ಇನ್ನೂ ಒಂದು ಗುಂಡು ಇದೆ. ಅಪ್ಪ ಒಪ್ಪುವುದಿಲ್ಲ. ನೀನು ಬದುಕು, ಮುಂದೆ ನಡೆ ಎನ್ನುತ್ತಾನೆ.

ಈ ಎರಡು ದೃಶ್ಯಗಳ ನಡುವೆ ಒಬ್ಬ ತಂದೆಯ ಮನಸ್ಸು ಸಾವಿನ ವಿಷಯದಲ್ಲಿ ಪೂರ್ತಿ ತಿರುಗಿದೆ. ಅದನ್ನು ಒಬ್ಬ ಲೇಖಕನ ಕಲ್ಪನೆ ಎಂದು ಓದಿ ಮುಗಿಸಬಹುದು. ಆದರೆ ಲೋಕಾಂತ್ಯದ ಕಥೆಯಲ್ಲಿ ಮಗುವಿನ ಪಕ್ಕ ಕೂತ ಅಪ್ಪ-ಅಮ್ಮಂದಿರಿಗೆ ಸುಮಾರು 180 ವರ್ಷಗಳ ಚರಿತ್ರೆಯಿದೆ. 1826, 1957, 2006ರ ಮೂರು ಕಾದಂಬರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮಗುವಿನ ಸಾವಿನ ಬಗ್ಗೆ ಹೆತ್ತವರ ನಿಲುವು ಆಯಾ ಕಾಲದ ವೈದ್ಯ, ಸರ್ಕಾರ, ಯುದ್ಧಗಳ ಜೊತೆ ಹೇಗೆ ಬದಲಾಯಿತು ಎನ್ನುವುದು ಕಾಣುತ್ತದೆ.

ನೋಡುತ್ತಾ ಕೂತ ತಾಯಿ

'ಫ್ರಾಂಕೆನ್‌ಸ್ಟೈನ್' ಬರೆದ ಮೇರಿ ಶೆಲ್ಲಿ 1826ರಲ್ಲಿ 'ದಿ ಲಾಸ್ಟ್ ಮ್ಯಾನ್' ಎಂಬ ಮೂರು ಸಂಪುಟಗಳ ಕಾದಂಬರಿಯನ್ನು ಪ್ರಕಟಿಸಿದಳು. ಕಥೆ ನಡೆಯುವುದು 21ನೇ ಶತಮಾನದ ಕೊನೆಯಲ್ಲಿ. ಪ್ಲೇಗಿನಂಥ ಒಂದು ಮಹಾಮಾರಿ ದೇಶದಿಂದ ದೇಶಕ್ಕೆ ಹಬ್ಬಿ ಇಡೀ ಮನುಷ್ಯಕುಲವನ್ನು ಒರೆಸಿಹಾಕುತ್ತದೆ. 2100ನೇ ಇಸವಿಯ ಹೊತ್ತಿಗೆ ಲಯೊನೆಲ್ ವರ್ನಿ ಎಂಬೊಬ್ಬನೇ ರೋಮ್ ನಗರದಲ್ಲಿ ಉಳಿದಿರುತ್ತಾನೆ.

ಲಯೊನೆಲ್‌ಗೆ ಇಡ್ರಿಸ್ ಎಂಬ ಹೆಂಡತಿ, ಆಲ್ಫ್ರೆಡ್ ಮತ್ತು ಎವಲಿನ್ ಎಂಬ ಇಬ್ಬರು ಗಂಡುಮಕ್ಕಳು. ರೋಗ ಇನ್ನೂ ದೂರದಲ್ಲಿದ್ದಾಗಲೇ ಇಡ್ರಿಸ್ ಒಳಗೊಳಗೇ ಸವೆಯಲು ಶುರುವಾಗುತ್ತಾಳೆ. ಮಕ್ಕಳ ಮುಖ ನೋಡುವುದೇ ಅವಳ ಕೆಲಸ. ಆಲ್ಫ್ರೆಡ್ ಪ್ಲೇಗಿಗೆ ಬಲಿಯಾಗುತ್ತಾನೆ. ಇಡ್ರಿಸ್ ಇಂಗ್ಲೆಂಡ್ ಬಿಡುವ ಮೊದಲೇ, ಹಿಮದ ನಡುವಿನ ಒಂದು ಪ್ರಯಾಣದಲ್ಲಿ, ದಣಿದು ಸಾಯುತ್ತಾಳೆ. ಕಿರಿಯವನು ಇಟಲಿಯಲ್ಲಿ, ಪ್ಲೇಗಿನಿಂದಲ್ಲ, ಬೇರೊಂದು ಜ್ವರದಿಂದ ತೀರಿಕೊಳ್ಳುತ್ತಾನೆ. ಮಹಾಮಾರಿಯಿಂದ ತಪ್ಪಿಸಿಕೊಂಡ ಮಗುವನ್ನು ಸಾಧಾರಣ ಜ್ವರವೊಂದು ಕೊಂಡೊಯ್ಯುತ್ತದೆ.

ಇದು ಲೇಖಕಿಗೆ ಕಲ್ಪನೆಯಾಗಿರಲಿಲ್ಲ. 1815ರ ಫೆಬ್ರವರಿಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಅವಳ ಮೊದಲ ಹೆಣ್ಣುಮಗು ಮಾರ್ಚ್ ಮೊದಲ ವಾರ ತೀರಿಕೊಂಡಿತು. ಆ ಕೂಸು ಬರೀ ತಣ್ಣಗಾಗಿತ್ತು, ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದಾಗ ಮತ್ತೆ ಜೀವ ಬಂತು ಎಂದು ಕನಸು ಕಂಡದ್ದನ್ನು ಅವಳು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. 1818ರ ಸೆಪ್ಟೆಂಬರಿನಲ್ಲಿ ವೆನಿಸ್‌ನಲ್ಲಿ ಒಂದು ವರ್ಷದ ಕ್ಲಾರಾ ಹೋದಳು. 1819ರ ಜೂನ್‌ನಲ್ಲಿ ರೋಮ್‌ನಲ್ಲಿ ಮೂರು ವರ್ಷದ ವಿಲಿಯಂ ಹೋದ. 1822ರಲ್ಲಿ ಗಂಡ, ಕವಿ ಪರ್ಸಿ ಶೆಲ್ಲಿ, ಇಟಲಿಯ ಕಡಲಲ್ಲಿ ಮುಳುಗಿದ. 1824ರಲ್ಲಿ ಗೆಳೆಯ ಬೈರನ್ ಗ್ರೀಸ್‌ನಲ್ಲಿ ಸತ್ತ. ಉಳಿದದ್ದು 1819ರ ನವೆಂಬರಿನಲ್ಲಿ ಹುಟ್ಟಿದ ಒಬ್ಬ ಮಗ ಮಾತ್ರ. ಕಾದಂಬರಿಯ ಕೊನೆಯ ಮನುಷ್ಯ ರೋಮ್‌ನ ಖಾಲಿ ಬೀದಿಗಳಲ್ಲಿ ಅಲೆಯುವುದು, ಲೇಖಕಿ ತನ್ನ ಮಗನನ್ನು ಮಣ್ಣು ಮಾಡಿದ ಊರಿನಲ್ಲಿಯೇ.

ಅವಳೊಬ್ಬಳದೇ ಪಾಡು ಇದಾಗಿರಲಿಲ್ಲ. ಆ ಕಾಲದ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಐದು ವರ್ಷ ತುಂಬುವ ಮೊದಲೇ ಸಾಯುತ್ತಿತ್ತು ಎಂಬುದು ಇತಿಹಾಸಕಾರರ ಅಂದಾಜು. ನಮ್ಮ ಅಜ್ಜಿಯರ ಕಾಲದವರೆಗೂ ನಮ್ಮೂರುಗಳಲ್ಲಿ ಹೆತ್ತದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಎರಡು ಲೆಕ್ಕ ಕೇಳುವ ರೂಢಿಯಿತ್ತಲ್ಲ, ಹಾಗೆ. ಮೇರಿ ಶೆಲ್ಲಿ ಬರೆಯುತ್ತಿದ್ದ ವರ್ಷಗಳಲ್ಲೇ 1817ರಲ್ಲಿ ಬಂಗಾಳದ ಜೆಸ್ಸೋರ್ ಕಡೆಯಿಂದ ಹೊರಟ ಕಾಲರಾ ಏಷ್ಯಾ ದಾಟಿ 1823ರಲ್ಲಿ ಕ್ಯಾಸ್ಪಿಯನ್ ದಡದ ಅಸ್ಟ್ರಾಖಾನ್ ಮುಟ್ಟಿತ್ತು. ಇಂಗ್ಲೆಂಡಿಗೆ ಬಂದದ್ದು 1831ರಲ್ಲಿ. ಪೂರ್ವದಿಂದ ಬರುವ ರೋಗದ ಭಯ ಕಾದಂಬರಿಯೊಳಗೂ ಇದೆ.

ಹಾಗಾಗಿ 1826ರ ಹೆತ್ತವರಿಗೆ ಸಾವಿನ ವಿಷಯದಲ್ಲಿ ಆಯ್ಕೆ ಎಂಬುದೇ ಇಲ್ಲ. ಸಾವು ಹೊರಗಿನಿಂದ ಬರುತ್ತದೆ, ಮಗುವನ್ನು ಎತ್ತಿಕೊಂಡು ಹೋಗುತ್ತದೆ. ಅಪ್ಪ-ಅಮ್ಮ ಕೈ ಹಿಡಿದು ಕೂರಬಹುದು, ಹಣೆ ಒರೆಸಬಹುದು, ಅಷ್ಟೇ. ಇಡ್ರಿಸ್ ಮಾಡುವುದೆಲ್ಲ ಕಾಯುವುದು. ಮಗುವಿನ ಸಾವನ್ನು ಬೇಗ ತರಬೇಕೇ ಎಂಬ ಪ್ರಶ್ನೆ ಆ ಕಾದಂಬರಿಯ ಮನೆಯೊಳಕ್ಕೆ ಬರುವುದಿಲ್ಲ.

ಔಷಧಿ ಅಂಗಡಿಯಿಂದ ತಂದ ಡಬ್ಬಿ

ಮುಂದಿನ 130 ವರ್ಷಗಳಲ್ಲಿ ಚರಂಡಿ, ಶುದ್ಧ ನೀರು, ಲಸಿಕೆ, ಕೊನೆಗೆ ಪೆನಿಸಿಲಿನ್ ಬಂದವು. 1955ರಲ್ಲಿ ಜೋನಸ್ ಸಾಕ್‌ನ ಪೋಲಿಯೋ ಲಸಿಕೆಗೆ ಮಂಜೂರಾತಿ ಸಿಕ್ಕಿತು. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಐದು ವರ್ಷದೊಳಗೆ ಸಾಯುವ ಮಕ್ಕಳ ಸಂಖ್ಯೆ ನೂರಕ್ಕೆ ಸುಮಾರು ಮೂರಕ್ಕೆ ಇಳಿದಿತ್ತು. ಶ್ರೀಮಂತ ದೇಶಗಳ ಮಧ್ಯಮವರ್ಗದ ಮನೆಗಳಲ್ಲಿ ಮಗುವಿನ ಸಾವು ದೈವೇಚ್ಛೆ ಎನ್ನುವ ಮಾತು ಹಿಂದೆ ಸರಿದು, ನಡೆಯಬಾರದ್ದು ನಡೆಯಿತು ಎನ್ನುವ ಮಾತು ಬಂತು. ಅದೇ ಹೊತ್ತಿಗೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೊಲ್ಲುವ ಶಕ್ತಿ ಎರಡು ಸರ್ಕಾರಗಳ ಕೈಗೆ ಸೇರಿತು.

1957ರಲ್ಲಿ ಬಂದ 'ಆನ್ ದಿ ಬೀಚ್' ಬರೆದವನು ನೆವಿಲ್ ಶೂಟ್. ವೃತ್ತಿಯಿಂದ ವಿಮಾನ ಎಂಜಿನಿಯರ್. ಆರ್100 ಎಂಬ ಬ್ರಿಟಿಷ್ ವಾಯುನೌಕೆಯ ಲೆಕ್ಕಾಚಾರದಲ್ಲಿ ದುಡಿದವನು. 1950ರಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಹೋಗಿ ಮೆಲ್ಬರ್ನ್ ಹತ್ತಿರ ನೆಲೆಸಿದ. ಅವನ ಕಥೆಯಲ್ಲಿ ಉತ್ತರ ಗೋಳಾರ್ಧ ಅಣುಯುದ್ಧದಲ್ಲಿ ಸತ್ತುಹೋಗಿದೆ. ವಿಕಿರಣದ ಧೂಳು ಗಾಳಿಯ ಜೊತೆ ನಿಧಾನವಾಗಿ ದಕ್ಷಿಣಕ್ಕೆ ಇಳಿಯುತ್ತಿದೆ. ಮೆಲ್ಬರ್ನ್‌ಗೆ ಅದು ಯಾವ ತಿಂಗಳು ಬರುತ್ತದೆ ಎಂಬ ಅಂದಾಜೂ ಇದೆ. ಒಬ್ಬ ಎಂಜಿನಿಯರ್ ಬರೆದ ಪ್ರಳಯ ಇದು. ಅದಕ್ಕೊಂದು ವೇಳಾಪಟ್ಟಿ ಇದೆ.

ಪೀಟರ್ ಹೋಮ್ಸ್ ನೌಕಾಪಡೆಯ ಅಧಿಕಾರಿ. ಹೆಂಡತಿ ಮೇರಿ, ಹಸುಗೂಸು ಜೆನ್ನಿಫರ್. ಸರ್ಕಾರ ಕೊನೆಯ ದಿನಗಳಿಗಾಗಿ ಔಷಧಿ ಅಂಗಡಿಗಳ ಮೂಲಕ ಮಾತ್ರೆ ಹಂಚುತ್ತದೆ. ಮಾತ್ರೆ ನುಂಗಲಾಗದ ಕೂಸಿಗೆ ಇಂಜೆಕ್ಷನ್. ಪೀಟರ್ ಜಲಾಂತರ್ಗಾಮಿಯಲ್ಲಿ ದೂರ ಹೋಗಬೇಕಾಗಿದೆ, ಹೊತ್ತಿಗೆ ಸರಿಯಾಗಿ ಮರಳದೆ ಇರಬಹುದು. ಹಾಗಾಗಿ ಹೋಗುವ ಮುನ್ನ ಹೆಂಡತಿಗೆ ಎಲ್ಲವನ್ನೂ ವಿವರಿಸಲು ಕೂರುತ್ತಾನೆ. ಮೇರಿ ಸಿಟ್ಟಿನಿಂದ ಉರಿದುಬೀಳುತ್ತಾಳೆ. ತನ್ನ ಮಗುವನ್ನು ತಾನೇ ಕೊಲ್ಲಬೇಕೆಂದು ಗಂಡ ಹೇಳುತ್ತಿದ್ದಾನೆ ಎಂಬುದು ಅವಳ ಕಿವಿಗೆ ಬಿದ್ದದ್ದು. ಮೇರಿ ಮುಂದಿನ ವರ್ಷಕ್ಕೆಂದು ತೋಟದಲ್ಲಿ ಹೂವಿನ ಗಿಡಗಳ ಲೆಕ್ಕ ಹಾಕುತ್ತಿರುವವಳು. ಗಂಡನೂ ಅವಳ ಆಟಕ್ಕೆ ಜೊತೆಗೂಡಿ ತೋಟಕ್ಕೊಂದು ಬೆಂಚು ತರುತ್ತಾನೆ.

ಅದೇ ಕಾದಂಬರಿಯ ಅಮೆರಿಕನ್ ಕ್ಯಾಪ್ಟನ್ ಡ್ವೈಟ್ ಟವರ್ಸ್‌ನದು ಇನ್ನೊಂದು ಬಗೆ. ಅವನ ಹೆಂಡತಿ, ಮಗ, ಮಗಳು ಕನೆಕ್ಟಿಕಟ್‌ನಲ್ಲಿ ಸತ್ತಿರಲೇಬೇಕು. ಆದರೂ ಅವನು ಮಗನಿಗೆ ಮೀನು ಹಿಡಿಯುವ ಕೋಲು, ಮಗಳಿಗೆ ಕುಣಿಯುವ ಪೋಗೋ ಸ್ಟಿಕ್ ಹುಡುಕುತ್ತಾನೆ. ಸೆಪ್ಟೆಂಬರಿನಲ್ಲಿ ಮನೆಗೆ ಹೋಗುತ್ತೇನೆ ಎನ್ನುತ್ತಾನೆ. ಹುಚ್ಚು ಹಿಡಿದವನಲ್ಲ. ಅಪ್ಪನಾಗಿ ಉಳಿಯಲು ಅವನಿಗೆ ತಿಳಿದಿರುವ ದಾರಿ ಅದೊಂದೇ.

ಕೊನೆಗೆ ಜೆನ್ನಿಫರ್‌ಗೆ ಕಾಯಿಲೆ ಶುರುವಾದಾಗ, ಹಿಂದೆ ಕೂಗಾಡಿದ್ದ ಮೇರಿಯೇ ಆ ತೀರ್ಮಾನವನ್ನು ಒಪ್ಪುತ್ತಾಳೆ. ಗಂಡ ಹೆಂಡತಿ ಇಬ್ಬರೂ ಸೇರಿ ಮಗುವಿಗೆ ಮಾಡಬೇಕಾದದ್ದನ್ನು ಮಾಡಿ, ತಾವೂ ಮಾತ್ರೆ ನುಂಗುತ್ತಾರೆ. ನಿರಾಕರಣೆಯಿಂದ ಒಪ್ಪಿಗೆಗೆ ಬರುವ ಈ ದಾರಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಶಿಸ್ತು. ಡಬ್ಬಿ ಇದೆ, ಸೂಚನೆ ಇದೆ, ಹಂಚುವ ವ್ಯವಸ್ಥೆ ಇದೆ. ಮಗುವನ್ನು ಉಳಿಸಲಾಗದ ಸರ್ಕಾರ ಸಾವನ್ನು ಮಾತ್ರ ಅಚ್ಚುಕಟ್ಟಾಗಿ ಪೂರೈಸುತ್ತದೆ. ಹೆತ್ತವರು ಕೊನೆಯವರೆಗೂ ಒಳ್ಳೆಯ ನಾಗರಿಕರಾಗಿಯೇ ಇರುತ್ತಾರೆ. ಯಾರೂ ಬೀದಿಗಿಳಿದು ಇದೇಕೆ ಹೀಗಾಯಿತು ಎಂದು ಕೇಳುವುದಿಲ್ಲ.

ಹಾಲುಹಲ್ಲುಗಳ ಲೆಕ್ಕ

ಕಾದಂಬರಿಯ ಹೊರಗೆ ನಿಜವಾದ ತಾಯಂದಿರು ಕೇಳಿದರು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪಗಳಲ್ಲಿ ನಡೆದ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನುಗಾರಿಕಾ ದೋಣಿಯ ಮೇಲೆ ಬಿತ್ತು, ಅದರಲ್ಲಿದ್ದ ಒಬ್ಬ ಕೆಲವು ತಿಂಗಳಲ್ಲಿ ಸತ್ತ. ಮರು ತಿಂಗಳೇ ನೆಹರೂ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕರೆ ಕೊಟ್ಟರು. ಇಂಥ ಪರೀಕ್ಷೆಗಳಿಂದ ಹೊರಡುವ ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆಯೇ ವರ್ತಿಸುತ್ತದೆ. ಮಳೆಯಲ್ಲಿ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳ ಮೂಳೆ ಮತ್ತು ಹಲ್ಲಿಗೆ ಸೇರುತ್ತದೆ. ಮಗು ಬೆಳೆಯಲಿ ಎಂದು ತಾಯಿ ಕುಡಿಸುವ ಹಾಲೇ ಅದರ ದಾರಿ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1958ರ ಕೊನೆಯಲ್ಲಿ ವಿಜ್ಞಾನಿಗಳೂ ನಾಗರಿಕರೂ ಸೇರಿ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಲು ಶುರುಮಾಡಿದರು. ವೈದ್ಯೆ ಲೂಯಿಸ್ ರೀಸ್ ಅದರ ಮುಂಚೂಣಿಯಲ್ಲಿದ್ದರು. 1970ರೊಳಗೆ ಮೂರು ಲಕ್ಷಕ್ಕೂ ಹೆಚ್ಚು ಹಲ್ಲುಗಳು ಬಂದವು. ದಶಕದ ಆರಂಭದಲ್ಲಿ ಹುಟ್ಟಿದ ಮಕ್ಕಳಿಗಿಂತ ಆಮೇಲೆ ಹುಟ್ಟಿದವರ ಹಲ್ಲಿನಲ್ಲಿ ಸ್ಟ್ರಾನ್ಷಿಯಂ ಹೆಚ್ಚಿದ್ದದ್ದು 1961ರಲ್ಲೇ ಪ್ರಕಟವಾಯಿತು. ಅದೇ ವರ್ಷದ ನವೆಂಬರ್ 1ರಂದು ಅಮೆರಿಕದ ಹತ್ತಾರು ಊರುಗಳಲ್ಲಿ ಸಾವಿರಾರು ಹೆಂಗಸರು ಮನೆ, ಕಚೇರಿ ಬಿಟ್ಟು ಬೀದಿಗೆ ಬಂದರು. 1963ರ ಆಗಸ್ಟ್ 5ರಂದು ವಾತಾವರಣ, ನೀರೊಳಗು ಮತ್ತು ಬಾಹ್ಯಾಕಾಶದ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸಹಿ ಹಾಕಿದವು. ಭಾರತವೂ ಅದೇ ವಾರ ಸೇರಿತು. ಶೂಟ್ ತನ್ನ ಕಥೆಯನ್ನು ಇಟ್ಟದ್ದೂ 1963ರಲ್ಲೇ. ಅವನ ಕಾಲ್ಪನಿಕ 1963ರಲ್ಲಿ ಎಲ್ಲ ಮಕ್ಕಳೂ ಸಾಯುತ್ತಾರೆ. ನಿಜವಾದ 1963ರಲ್ಲಿ ಅವರ ಹಾಲು ಸ್ವಲ್ಪ ಶುದ್ಧವಾಗತೊಡಗಿತು.

ಇಪ್ಪತ್ತು ವರ್ಷದ ನಂತರ, 1983ರಲ್ಲಿ, ಲಿನ್ ಲಿಟ್‌ಮನ್ ನಿರ್ದೇಶಿಸಿದ 'ಟೆಸ್ಟಮೆಂಟ್' ಎಂಬ ಚಿತ್ರ ಬಂತು. ಕ್ಯಾಲಿಫೋರ್ನಿಯಾದ ಸಣ್ಣ ಊರಿನ ತಾಯಿಯೊಬ್ಬಳು ವಿಕಿರಣಕ್ಕೆ ಎರಡು ಮಕ್ಕಳನ್ನು ಕಳೆದುಕೊಂಡು, ಉಳಿದ ಮಗನನ್ನೂ ನೆರೆಯ ಒಬ್ಬ ಹುಡುಗನನ್ನೂ ಗ್ಯಾರೇಜಿನ ಕಾರಿನೊಳಗೆ ಕೂರಿಸಿಕೊಳ್ಳುತ್ತಾಳೆ. ಎಲ್ಲವನ್ನೂ ಅಲ್ಲೇ ಮುಗಿಸುವುದು ಅವಳ ಉದ್ದೇಶ. ಆಗುವುದಿಲ್ಲ. ಹೊರಗೆ ಬಂದು ಮಗನ ಹುಟ್ಟುಹಬ್ಬ ಮಾಡುತ್ತಾಳೆ. 1957ರ ಮೇರಿ ಬೇಡವೆಂದು ಶುರುಮಾಡಿ ಒಪ್ಪಿಗೆಗೆ ಬಂದಳು. 1983ರ ತಾಯಿ ಒಪ್ಪಿಗೆಯಿಂದ ಶುರುಮಾಡಿ ಬೇಡವೆಂಬಲ್ಲಿಗೆ ಬಂದಳು. ಮೆಕಾರ್ಥಿಯ ಅಪ್ಪ ನಡೆಯುವುದು ಇವಳ ದಾರಿಯಲ್ಲಿ.

ಒಂದು ಗುಂಡು ಉಳಿದಿತ್ತು

ಮೆಕಾರ್ಥಿಗೆ ಮಗ ಹುಟ್ಟಿದಾಗ ಅವನಿಗೆ ಸುಮಾರು 65. 2007ರ ಸಂದರ್ಶನವೊಂದರಲ್ಲಿ ಅವನೇ ಹೇಳಿದಂತೆ, ಟೆಕ್ಸಸ್‌ನ ಎಲ್ ಪಾಸೋದ ಹೋಟೆಲೊಂದರಲ್ಲಿ ಪುಟ್ಟ ಮಗ ಮಲಗಿದ್ದಾಗ, ನಡುರಾತ್ರಿ ಕಿಟಕಿಯಿಂದ ಊರನ್ನು ನೋಡುತ್ತಾ, ಐವತ್ತು ನೂರು ವರ್ಷದ ಮೇಲೆ ಇದು ಹೇಗಿರಬಹುದು ಎಂದು ಯೋಚಿಸಿದ. ಗುಡ್ಡದ ಮೇಲೆ ಬೆಂಕಿ ಕಂಡಂತಾಯಿತು. 'ದಿ ರೋಡ್' ಹುಟ್ಟಿದ್ದು ಅಲ್ಲಿಂದ. ಇಳಿವಯಸ್ಸಿನ ತಂದೆಗೆ ಒಂದು ಲೆಕ್ಕ ಖಚಿತ. ಮಗ ದೊಡ್ಡವನಾಗುವ ಮೊದಲೇ ತಾನು ಹೋಗಬಹುದು.

ಈ ಕಾದಂಬರಿಯಲ್ಲಿ ಪ್ರಳಯಕ್ಕೆ ಕಾರಣ ಹೇಳಿಲ್ಲ. ಸರ್ಕಾರವಿಲ್ಲ, ಔಷಧಿ ಅಂಗಡಿಯಿಲ್ಲ. ಹುಡುಗನ ತಾಯಿ, ಬದುಕಿದ್ದರೆ ನಮಗಾಗುವುದು ಏನೆಂದು ನೇರವಾಗಿ ಹೇಳಿ, ತನ್ನ ಸಾವನ್ನು ತಾನೇ ಆರಿಸಿಕೊಂಡು ಕತ್ತಲಿಗೆ ನಡೆದುಹೋಗಿದ್ದಾಳೆ. ಅವಳ ವಾದಕ್ಕೆ ಅಪ್ಪನ ಬಳಿ ಉತ್ತರವಿರಲಿಲ್ಲ. ಉಳಿದದ್ದು ಎರಡು ಗುಂಡು. ಒಬ್ಬ ದಾರಿಗಳ್ಳ ಮಗನನ್ನು ಹಿಡಿದಾಗ ಒಂದು ಖರ್ಚಾಗುತ್ತದೆ. ಇನ್ನೊಂದು ಮಗನಿಗಾಗಿ.

ಮೊದಲಲ್ಲಿ ಅಪ್ಪನಿಗೆ ಆ ಗುಂಡು ಒಂದು ಧೈರ್ಯ. ಕೈಮೀರಿದರೆ ಕೊನೆಯ ದಾರಿ ಇದೆ ಎಂಬ ಸಮಾಧಾನ. ಆಮೇಲೆ, ನರಭಕ್ಷಕರ ಮನೆಯಿಂದ ಓಡಿ ಬಂದು ಅಡಗಿ ಕೂತಾಗ, ಹೊತ್ತು ಬಂದರೆ ನನ್ನಿಂದ ಇದು ಆಗುತ್ತದೆಯೇ, ಪಿಸ್ತೂಲು ಸಿಡಿಯದಿದ್ದರೆ ಏನು ಮಾಡಲಿ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಮುಂದೆ, ನೆಲದಡಿಯ ಆಹಾರ ತುಂಬಿದ ಅಡಗುತಾಣ ಸಿಕ್ಕಾಗ ಅವನೊಳಗಿನ ಒಂದು ಮೂಲೆಗೆ ಬೇಸರವೇ ಆಗುತ್ತದೆ. ಎಲ್ಲ ಮುಗಿದುಹೋಗಲಿ ಎಂದು ಆ ಮೂಲೆ ಕಾಯುತ್ತಿತ್ತು. ಈಗ ಮತ್ತೆ ಬದುಕಬೇಕು. ಪುಸ್ತಕದ ಅತ್ಯಂತ ಪ್ರಾಮಾಣಿಕ ಮಾತು ಅದು ಎಂದು ನನಗೆ ಅನ್ನಿಸುತ್ತದೆ. ಮಗನಿಗೆ ಸಾವು ಬೇಕೆಂದು ಅವನು ಇಷ್ಟು ದಿನ ಯೋಚಿಸಿದ್ದರಲ್ಲಿ, ಅವನ ಸ್ವಂತ ದಣಿವೂ ಸೇರಿಕೊಂಡಿತ್ತು.

ಅವನನ್ನು ಬದಲಿಸುವುದು ಮಗನೇ. ದಾರಿಯಲ್ಲಿ ಸಿಕ್ಕ ಮುದುಕನಿಗೆ ಊಟ ಕೊಡಿಸುವವನು ಹುಡುಗ. ಸಾಮಾನು ಕದ್ದವನನ್ನು ಅಪ್ಪ ಬೆತ್ತಲೆ ಮಾಡಿ ಬಿಟ್ಟಾಗ ಅತ್ತು ಕರೆದು, ಅವನ ಬಟ್ಟೆಗಳನ್ನು ಮತ್ತೆ ದಾರಿಯಲ್ಲಿ ಇಡಿಸುವವನೂ ಅವನೇ. ಎಲ್ಲದರ ಚಿಂತೆ ಮಾಡಬೇಕಾದವನು ನೀನಲ್ಲ ಎಂದು ಅಪ್ಪ ಗದರಿದರೆ, ನಾನೇ ಎನ್ನುತ್ತಾನೆ. ಅಪ್ಪನಿಗೆ ತಾನು ಇದುವರೆಗೆ ಕಾಪಾಡಿದ್ದು ಒಂದು ಪುಟ್ಟ ಜೀವವನ್ನು ಎಂದಷ್ಟೇ ಗೊತ್ತಿತ್ತು. ಆ ಜೀವಕ್ಕೆ ತನ್ನದೇ ಬುದ್ಧಿ, ತನ್ನದೇ ನ್ಯಾಯ ಇದೆ ಎಂದು ನಿಧಾನವಾಗಿ ತಿಳಿಯುತ್ತದೆ. ಅದು ತಿಳಿದ ಮೇಲೆ ಆ ಜೀವದ ಕೊನೆಯನ್ನು ತಾನು ತೀರ್ಮಾನಿಸುವುದು ಅವನಿಂದ ಆಗುವುದಿಲ್ಲ. ಸತ್ತ ಮಗನನ್ನು ತೋಳಿನಲ್ಲಿ ಹಿಡಿಯಲಾರೆ ಎಂದು ಒಪ್ಪಿಕೊಳ್ಳುತ್ತಾನೆ. ನಾನು ಹೋದ ಮೇಲೂ ನನ್ನ ಜೊತೆ ಮಾತಾಡು ಎಂದು ಹೇಳಿ ಸಾಯುತ್ತಾನೆ. ಮೂರು ದಿನ ಹುಡುಗ ಹೆಣದ ಪಕ್ಕ ಕೂರುತ್ತಾನೆ. ಆಮೇಲೆ ಒಬ್ಬ ಅಪರಿಚಿತ ಬರುತ್ತಾನೆ. ಅವನ ಜೊತೆ ಒಬ್ಬ ಹೆಂಗಸು, ಎರಡು ಮಕ್ಕಳು. ಹುಡುಗ ಅವರೊಂದಿಗೆ ಹೋಗುತ್ತಾನೆ.

ಪುಣ್ಯಕೋಟಿಗೆ ಇದ್ದದ್ದು, ಈ ಅಪ್ಪನಿಗೆ ಇಲ್ಲದ್ದು

ಗೋವಿನ ಹಾಡು ಕೇಳಿ ಬೆಳೆದ ನಮಗೆ ಈ ಕೊನೆ ಹೊಸದಲ್ಲ. ಹುಲಿಯ ಬಾಯಿಗೆ ಹೋಗುವ ಮುನ್ನ ಪುಣ್ಯಕೋಟಿ ದೊಡ್ಡಿಗೆ ಮರಳಿ ಬರುವುದು ಎರಡು ಕೆಲಸಕ್ಕೆ. ಕರುವಿಗೆ ಹಾಲು ಕುಡಿಸುವುದು ಒಂದು. ತಬ್ಬಲಿಯಾಗುವ ಕಂದನನ್ನು ಉಳಿದ ಹಸುಗಳಿಗೆ ಒಪ್ಪಿಸುವುದು ಇನ್ನೊಂದು. ನಾವು ಆ ಹಾಡನ್ನು ಸತ್ಯದ ಕಥೆಯಾಗಿ ಶಾಲೆಯಲ್ಲಿ ಕಲಿತೆವು. ಆದರೆ ಪುಣ್ಯಕೋಟಿ ಸತ್ಯ ಪಾಲಿಸಲು ಸಾಧ್ಯವಾದದ್ದು ದೊಡ್ಡಿಯಲ್ಲಿ ಅಕ್ಕತಂಗಿಯರು ಇದ್ದದ್ದರಿಂದ. ಮೆಕಾರ್ಥಿಯ ಅಪ್ಪನಿಗೆ ದೊಡ್ಡಿಯೇ ಇಲ್ಲ. ಕಂಡ ಮನುಷ್ಯರನ್ನೆಲ್ಲ ಅವನು ಹುಲಿ ಎಂದೇ ಎಣಿಸಿದ್ದಾನೆ. ಅಂಥವನು ಕೊನೆಗೆ ಎಲ್ಲೋ ಇನ್ನೊಂದು ಹಸು ಇರಬಹುದು ಎಂದು ನಂಬಿ ಕಣ್ಣು ಮುಚ್ಚಬೇಕಾಗುತ್ತದೆ.

2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದವರನ್ನು ನಾವೆಲ್ಲ ಪರದೆಯ ಮೇಲೆ ನೋಡಿದೆವು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಆ ಪ್ರಶ್ನೆ ನಮ್ಮ ಫ್ಲ್ಯಾಟುಗಳ ಬಾಗಿಲಿಗೂ ಬಂತು. ಗಂಡ ಹೆಂಡತಿ ಇಬ್ಬರಿಗೂ ಪಾಸಿಟಿವ್, ಅಜ್ಜ ಅಜ್ಜಿ ಶಿವಮೊಗ್ಗದಲ್ಲೋ ಧಾರವಾಡದಲ್ಲೋ, ಬರಲು ಬಸ್ಸಿಲ್ಲ, ಬಂದರೆ ಅವರಿಗೇ ಅಪಾಯ. ಸೊಸೈಟಿಯ ವಾಟ್ಸಾಪ್ ಗುಂಪುಗಳಲ್ಲಿ ಆಮ್ಲಜನಕದ ಜೊತೆಗೇ, ಮಗುವನ್ನು ನಾಲ್ಕು ದಿನ ಇಟ್ಟುಕೊಳ್ಳುವಿರಾ ಎಂಬ ಸಂದೇಶಗಳೂ ಬರುತ್ತಿದ್ದವು. ಆ ಮೇ 29ರಂದು ಕೇಂದ್ರ ಸರ್ಕಾರ ಕೋವಿಡ್‌ನಿಂದ ತಬ್ಬಲಿಗಳಾದ ಮಕ್ಕಳಿಗೆ ಪಿಎಂ ಕೇರ್ಸ್ ಯೋಜನೆ ಪ್ರಕಟಿಸಿತು. ಅಂಥದ್ದೊಂದು ಯೋಜನೆ ಬೇಕಾಯಿತು ಎಂಬುದೇ ಆ ಎರಡು ತಿಂಗಳ ಚರಿತ್ರೆ.

ಊರಿನಲ್ಲಿ ದೊಡ್ಡಪ್ಪ, ಚಿಕ್ಕಮ್ಮ, ಸೋದರತ್ತೆ ಎಂಬ ದೊಡ್ಡಿ ತಾನಾಗಿ ಇರುತ್ತಿತ್ತು. ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಮೂರೇ ಜನರ ಸಂಸಾರ ಹೂಡಿದ ನಮಗೆ ಅದು ತಾನಾಗಿ ಇಲ್ಲ. ಆಫೀಸಿನ ಪ್ರತಿ ಪ್ರಾಜೆಕ್ಟಿಗೂ ನಾನಿಲ್ಲದಿದ್ದರೆ ಯಾರು ಎಂದು ಬರೆದಿಡುವ ನಾವು, ಮನೆಯ ಮಟ್ಟಿಗೆ ಆ ಸಾಲನ್ನು ಖಾಲಿ ಬಿಡುತ್ತೇವೆ. ವಿಮೆ ಮಾಡಿಸುತ್ತೇವೆ, ನಾಮಿನಿ ಹೆಸರು ತುಂಬುತ್ತೇವೆ. ಹಣ ಯಾರಿಗೆ ಎಂಬುದಕ್ಕೆ ಅದು ಉತ್ತರ. ಮಗು ಯಾರ ಜೊತೆ ಎಂಬುದಕ್ಕೆ ಅಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯ 9ನೇ ಕಲಮಿನಂತೆ ಹೆತ್ತವರು ಉಯಿಲಿನಲ್ಲಿ ಮಗುವಿನ ಪೋಷಕರನ್ನು ಹೆಸರಿಸಬಹುದು. ಆದರೆ ಹೆಸರು ಬರೆಯುವ ಮೊದಲು ಆ ಮನೆಯವರನ್ನು ಕೂರಿಸಿ ಕೇಳಬೇಕು. ಕೇಳಬೇಕಾದರೆ ನಾವು ಸಾಯುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ತಡೆಯುವುದು ಅದೇ.

ಇಡ್ರಿಸ್‌ಗೆ ಕಾಯುವುದಷ್ಟೇ ಉಳಿದಿತ್ತು. ಮೇರಿ ಹೋಮ್ಸ್ ಮೊದಲು ತೋಟದ ಮಾತಾಡಿದಳು, ಕೊನೆಗೆ ಸರ್ಕಾರ ಕೊಟ್ಟ ಡಬ್ಬಿಯನ್ನು ಒಪ್ಪಿದಳು. 'ದಿ ರೋಡ್'ನ ಅಪ್ಪ ಮಾತ್ರ, ತಾನಿಲ್ಲದ ದಿನದಲ್ಲೂ ಮಗನಿಗೆ ಬೆಳಗಾಗುತ್ತದೆ ಎನ್ನುವುದನ್ನು ಒಪ್ಪಿದ. ಅವನಿಗೆ ಅದು ತಿಳಿಯುವ ಹೊತ್ತಿಗೆ ಯಾರನ್ನೂ ಹುಡುಕುವ ಶಕ್ತಿ ಉಳಿದಿರಲಿಲ್ಲ. ನಮಗೆ ಉಳಿದಿದೆ. ಪಕ್ಕದ ಬ್ಲಾಕಿನಲ್ಲಿ ಕನ್ನಡದವರೋ ಮರಾಠಿಯವರೋ ತಮಿಳರೋ ಇದ್ದಾರೆ, ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಆಡುತ್ತಿದ್ದಾರೆ. ಅವರಿಗೂ ಇದೇ ಪ್ರಶ್ನೆ ಇದೆ. ಒಂದು ಭಾನುವಾರ ಚಹಾಕ್ಕೆ ಕರೆದು ಮಾತು ಶುರುಮಾಡಬಹುದು.